ಹಳದಿ ಮಾವ ದಾಟುವ ತನಕ

ವಿಶ್ವವಿದ್ಯಾಲಯದ ಬಂದರು ವಿಭಾಗದಿಂದ ಸಮುದ್ರ ಕಾಣುತ್ತಿರಲಿಲ್ಲ. ಎರಡನೆಯ ಮಹಡಿಯ ಕಿಟಕಿಯಲ್ಲಿ ನಿಂತರೆ ಕಾಣುತ್ತಿದ್ದುದು ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ, ಅದರಾಚೆ ನೀರಿನ ಟ್ಯಾಂಕು, ಟ್ಯಾಂಕಿನಾಚೆ ಊರು. ಆದರೆ ಅದೇ ಮಹಡಿಯ ಮೂಲೆಯ ಕೋಣೆಗೆ ಹೋಗಿ ದಪ್ಪ ಕಪ್ಪು ಪರದೆ ಸರಿಸಿದರೆ, ಸಮುದ್ರ ಅಲ್ಲಿ ಬೆಳಗಿನಿಂದಲೇ ಬಂದು ಕೂತಿರುತ್ತಿತ್ತು. ಮೂರು ಗೋಡೆ ತುಂಬಿದ ತೆರೆಯ ಮೇಲೆ ಒಂದು ಹಡಗು, ನಿದ್ದೆ ಹೋದವರ ಎದೆಯಂತೆ, ಏರುತ್ತ ಇಳಿಯುತ್ತ ಇರುತ್ತಿತ್ತು. ಕೋಣೆಯ ನಡುವಿನ ಕುರ್ಚಿಗೆ ಎರಡು ಕೈಗಳ ಕಡೆಗೂ ಒಂದೊಂದು ಹಿಡಿಕೆ. ಕುರ್ಚಿಯ ಕೆಳಗಿನ ನೆಲವೂ ತೆರೆಯೇ. ಅದರಲ್ಲಿ ಕೂತು ಬಗ್ಗಿ ನೋಡಿದರೆ ನಿಜವಾದ ಕ್ರೇನಿನ ಗಾಜುನೆಲದಿಂದ ಕಾಣುವಷ್ಟೇ ಆಳದಲ್ಲಿ ಹಡಗುಕಟ್ಟೆ, ಕಟ್ಟೆಯ ಮೇಲೆ ಬೆಂಕಿಪೊಟ್ಟಣದಷ್ಟು ಲಾರಿಗಳು. ಮೊದಲ ಸಲ ಕೂತವರೆಲ್ಲ ಕಾಲನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದರು.

ಈ ಕೋಣೆಯ ಅಧ್ಯಾಪಕಿಯನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ಗಾಳಿಯಮ್ಮ ಎನ್ನುತ್ತಿದ್ದರು. ಗಾಜಿನ ಗೋಡೆಯ ಹಿಂದೆ ಕೂತು, ಗುಂಡಿ ತಿರುಗಿಸಿ ಗಾಳಿ ಬಿಡುವವರು ಅವರೇ. ಮಂಜು, ಮಳೆ, ಮುಸ್ಸಂಜೆಗಳೂ ಅವರ ಬೆರಳ ತುದಿಯಲ್ಲೇ ಇದ್ದವು. ಹೆಸರು ಅವರ ಕಿವಿಗೂ ಬಿದ್ದಿತ್ತು, ಬೇಸರವೇನೂ ಆಗಿರಲಿಲ್ಲ. ಇದಕ್ಕೆ ಮೊದಲು ಅವರು ಬಹಳ ವರ್ಷ ಇದೇ ಪಾಠವನ್ನು ಕರಿಹಲಗೆಯ ಮೇಲೆ ಮಾಡಿದ್ದರು. ಸೀಮೆಸುಣ್ಣದಲ್ಲಿ ಒಂದು ಗೆರೆ, ಗೆರೆಯ ತುದಿಗೆ ಒಂದು ಚೌಕ: ಇದು ಹಗ್ಗ, ಇದು ಸರಕಿನ ಪೆಟ್ಟಿಗೆ, ಇದು ಹೀಗೆ ತೂಗುತ್ತದೆ, ಬರೆದುಕೊಳ್ಳಿ. ಅವರೇ ಒಂದು ದಿನವೂ ಕ್ರೇನಿನ ಹಿಡಿಕೆ ಮುಟ್ಟಿದವರಲ್ಲ. ಕ್ರೇನಿನ ಈ ಅಣಕು ಯಂತ್ರ, ಸಿಮ್ಯುಲೇಟರ್, ಬಂದ ವಾರ, ಜೋಡಿಸಲು ಬಂದವರು ಊಟಕ್ಕೆ ಹೋದಾಗ, ಮೆಲ್ಲಗೆ ಹೋಗಿ ಆ ಕುರ್ಚಿಯಲ್ಲಿ ಕೂತಿದ್ದರು. ಹಿಡಿಕೆ ತಳ್ಳಿದ್ದೇ ತಡ, ಪೆಟ್ಟಿಗೆ ಹಿಂದುಳಿಯಿತು, ಮತ್ತೆ ಮುನ್ನುಗ್ಗಿತು, ಹಡಗಿಗೆ ಢೀ ಕೊಟ್ಟು ಒಂದು ಲಾರಿಯನ್ನು ಅಪ್ಪಚ್ಚಿ ಮಾಡಿತು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟು ವರ್ಷ ಸುಣ್ಣದ ಪುಡಿಯಾಗಿ ಉದುರಿಹೋಗಿದ್ದ ಸಮೀಕರಣ ಈಗ ಅಂಗೈಯೊಳಗೆ ಜೀವ ಹಿಡಿದು ಮಿಸುಕಾಡುತ್ತಿತ್ತು. ಮುರಿದದ್ದನ್ನೆಲ್ಲ ಮತ್ತೆ ಮೊದಲಿನಂತೆ ನಿಲ್ಲಿಸಲು ಒಂದು ಗುಂಡಿ ಒತ್ತಿದರೆ ಸಾಕಾಗಿತ್ತು. ಇಂಥ ಕ್ಷಮೆಯನ್ನು ಅವರು ಬೇರೆ ಯಾವ ಶಾಲೆಯಲ್ಲಿಯೂ ಕಂಡಿರಲಿಲ್ಲ.

ಆ ತೆರೆಯ ಕಟ್ಟೆಯ ಮೇಲೆ ಹಳದಿ ಅಂಗಿಯ ಒಬ್ಬ ಕೆಲಸಗಾರನಿದ್ದ. ಕ್ರೇನಿನ ಕಾಲಿನ ಮರೆಯಿಂದ ಹೊರಟು ಲಾರಿಯ ಪಕ್ಕಕ್ಕೆ ಬಂದು ಅದರ ಮೇಲೆ ಬಗ್ಗುವನು, ಪೆಟ್ಟಿಗೆ ಕೂರುವ ಮೂಲೆಯ ಕೊಂಡಿ ಬಿಚ್ಚಿದಂತೆ ಮಾಡುವನು, ಎದ್ದು ಒಮ್ಮೆ ಮೇಲಕ್ಕೆ ನೋಡುವನು, ಬಂದ ದಾರಿಯಲ್ಲೇ ಹಿಂತಿರುಗುವನು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದೇ ನಡಿಗೆ. ಯಾವ ಹೊತ್ತಿಗೆ ಬರಬಾರದೋ ಅದೇ ಹೊತ್ತಿಗೆ ಬಂದು ಅಡ್ಡ ನಿಲ್ಲುತ್ತಾನೆಂದು ಹುಡುಗರು ಅವನಿಗೆ ಹಳದಿ ಮಾವ ಎಂದು ಹೆಸರಿಟ್ಟಿದ್ದರು. ಹಡಗಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಲಾರಿಗಳ ಮೇಲೆ ಇಳಿಸುವುದೇ ಪಾಠ, ಆದರೆ ಅದರಲ್ಲಿ ಮಾವ ಲೆಕ್ಕಕ್ಕಿರಲಿಲ್ಲ. ಹಡಗಿಗೆ ತಾಗಿದರೆ ಅಂಕ ಹೋಗುತ್ತಿತ್ತು, ಲಾರಿಗೆ ತಾಗಿದರೂ ಹೋಗುತ್ತಿತ್ತು. ಮಾವನ ಮೇಲೆ ಇಳಿಸಿದರೆ ಮಾತ್ರ ಪೆಟ್ಟಿಗೆ ಹೊಗೆಯೊಳಗೆ ಹಾದಂತೆ ಹಾದುಹೋಗುತ್ತಿತ್ತು. ಅವನನ್ನು ಗಟ್ಟಿ ಮಾಡುವ ಏರ್ಪಾಡೂ ಯಂತ್ರದಲ್ಲಿತ್ತು, ಬಳಸುತ್ತಿರಲಿಲ್ಲ. ಕಲಿಯುವವರು ಮೊದಲು ತೂಗಾಟವನ್ನು ಗೆಲ್ಲಲಿ, ಮನುಷ್ಯರ ಪಾಠ ಬಂದರಿಗೆ ಹೋದ ಮೇಲೆ ಎಂಬುದು ಪಾಠಕ್ರಮ. ಹೀಗಾಗಿ ಎಲ್ಲರಿಗೂ ಮಾವನ ಬೆನ್ನ ಮೂಲಕವೇ ಪೆಟ್ಟಿಗೆ ಇಳಿಸಿ ಇಳಿಸಿ ರೂಢಿಯಾಗಿತ್ತು.

ಒಬ್ಬಳನ್ನು ಬಿಟ್ಟು.

"ಅಕ್ಕಾ, ಮಾವ ಕಾಫಿ ಕುಡಿದು ಬರೋ ತನಕ ಕಾಯ್ತೀಯೇನೇ?" ಎಂದು ಹಿಂದಿನ ಬೆಂಚಿನಿಂದ ಕೂಗಿದವನು ತರಗತಿಯಲ್ಲೇ ವೇಗದ ಹುಡುಗ. ಅವನನ್ನು ಮಿಂಚು ಎನ್ನುತ್ತಿದ್ದರು.

"ಕುಡೀಲಿ ಬಿಡೋ, ನಿನಗೇನು?" ಎಂದಳು ಕುರ್ಚಿಯಲ್ಲಿದ್ದವಳು, ತಿರುಗಿ ನೋಡದೆ. ಅವಳ ಹೆಸರು ನಿಧಾನಿ ಎಂದೇ ಆಗಿಹೋಗಿತ್ತು. ಪೆಟ್ಟಿಗೆಯನ್ನು ಹಡಗಿನ ಅಂಚಿನಲ್ಲೇ ತಡೆದು, ಮಾವ ಬಂದು, ಬಗ್ಗಿ, ಎದ್ದು, ನೋಡಿ, ಹಿಂತಿರುಗಿ ಕ್ರೇನಿನ ಕಾಲಿನ ಮರೆಯಾದ ಮೇಲಷ್ಟೇ ಅವಳು ಪೆಟ್ಟಿಗೆ ನೇತಾಡುವ ಟ್ರಾಲಿಯನ್ನು ಮುಂದೆ ತರುತ್ತಿದ್ದಳು. ಪ್ರತಿ ಪೆಟ್ಟಿಗೆಗೂ ಹೀಗೆಯೇ. ಎಲ್ಲರೂ ಮುಗಿಸಿ ಬ್ಯಾಗು ಹೆಗಲಿಗೇರಿಸಿಕೊಂಡಾಗ ಅವಳ ಹಡಗು ಇನ್ನೂ ಅರ್ಧ ತುಂಬಿರುತ್ತಿತ್ತು.

ಪರೀಕ್ಷೆ ಹತ್ತಿರವಾಗಿತ್ತು. ಗೊತ್ತುಮಾಡಿದ ವೇಳೆಯೊಳಗೆ ಹಡಗು ಬರಿದು ಮಾಡಿದವರು ಬಂದರಿನ ಕ್ರೇನಿನ ನಿಜವಾದ ಕ್ಯಾಬಿನ್ನಿಗೆ ತರಬೇತಿಗೆ ಹತ್ತುತ್ತಾರೆ. ಆಗದವರಿಗೆ ಕಚೇರಿಯ ಯೋಜನಾ ಶಾಖೆ, ಅಲ್ಲೊಂದು ಮೇಜು. ಗಾಳಿಯಮ್ಮ ಅವಳನ್ನು ತಡೆದು ಕೂರಿಸಿಕೊಂಡರು.

"ನೋಡಮ್ಮ, ಮೇಜಿನ ಕೆಲಸ ಕೀಳೇನಲ್ಲ. ಆದ್ರೆ ನಿನಗೆ ಬೇಕಾ ಅದು?"

"ಬೇಡ ಮೇಡಂ. ಮೇಜಿನ ಮುಂದೆ ಕೂತ್ರೆ ನನಗೆ ನಿದ್ದೆ ಬರುತ್ತೆ. ಈ ಕುರ್ಚೀಲಿ ಕೂತಾಗ ಮಾತ್ರ ನನ್ನ ಕೈ, ಕಣ್ಣು, ತಲೆ ಮೂರೂ ಒಂದೇ ಕಡೆ ಇರ್ತವೆ."

"ಹಾಗಿದ್ರೆ ಅವನ ಮೇಲೆ ಇಳಿಸಿಬಿಡು. ಅವನು ಬರೀ ಬಣ್ಣ ಕಣೇ."

"ಗೊತ್ತು ಮೇಡಂ. ಬಣ್ಣಾನೇ. ಆದ್ರೆ ಮೇಲೆ ನೋಡ್ತಾನಲ್ಲ."

ಅವಳು ಪ್ರಯತ್ನಿಸಿದಳು, ಅದನ್ನು ಮಾತ್ರ ಹೇಳಲೇಬೇಕು. ಹಿಡಿಕೆ ಮುಂದಕ್ಕೆ ಹೋಗುತ್ತಿತ್ತು, ಪೆಟ್ಟಿಗೆ ಇಳಿಯುತ್ತಿತ್ತು, ಇನ್ನೇನು ಆಳೆತ್ತರವಿದೆ ಎನ್ನುವಾಗ ಅವಳ ಮಣಿಕಟ್ಟು ತಾನಾಗಿ ಹಿಂದೆ ಸರಿಯುತ್ತಿತ್ತು. "ಏಳು, ನಾನು ತೋರಿಸ್ತೀನಿ" ಎಂದು ಗಾಳಿಯಮ್ಮ ತಾವೇ ಕೂತರು. ಪೆಟ್ಟಿಗೆ ಮಾವನ ತಲೆ, ಹೆಗಲು, ಸೊಂಟಗಳೊಳಗೆ ಸಲೀಸಾಗಿ ಇಳಿದು ಲಾರಿಯ ಮೇಲೆ ಕೂತಿತು. ನೋಡಿದೆಯಾ ಎಂದು ತಿರುಗಿದರೆ, ಹುಡುಗಿ ಮುಖ ಪಕ್ಕಕ್ಕೆ ಮಾಡಿಕೊಂಡಿದ್ದಳು. ತಮ್ಮ ಕೈ ಒಂದಿಷ್ಟೂ ತಡೆಯಲಿಲ್ಲವೆಂಬುದು ಗಾಳಿಯಮ್ಮನಿಗೆ ಆಗ ತಟ್ಟನೆ ಹೊಳೆಯಿತು. ಅದೇನೂ ಹಿತವಾದ ತಿಳಿವಾಗಿರಲಿಲ್ಲ.

"ಆಯ್ತು. ಒಂದು ಕೆಲಸ ಮಾಡೋಣ. ನಿನಗೆ ಅವನು ಕಾಣದ ಹಾಗೆ ಮಾಡ್ತೀನಿ."

ಗಾಜಿನ ಹಿಂದೆ ಹೋಗಿ ಯಂತ್ರದ ಪಟ್ಟಿಯಲ್ಲಿ ಮಾವನ ಮುಂದಿದ್ದ ಗುರುತು ಅಳಿಸಿದರು. ಮಾವ ಮಾಯವಾದ. ಕಟ್ಟೆ ಖಾಲಿ, ಲಾರಿ ಕಾಯುತ್ತಿತ್ತು, ಗಾಳಿಯಿಲ್ಲ, ಬಿಸಿಲು ಬಿದ್ದಿತ್ತು. ಹುಡುಗಿ ಪೆಟ್ಟಿಗೆಯನ್ನು ಹಡಗಿನ ಅಂಚಿಗೆ ತಂದಳು. ಅಲ್ಲಿ ನಿಲ್ಲಿಸಿದಳು.

"ಯಾಕೆ ನಿಂತೆ?"

"ಈಗ ಬಗ್ಗಿರ್ತಾನೆ ಮೇಡಂ."

"ಯಾರು? ಅಲ್ಲಿ ಯಾರೂ ಇಲ್ವಲ್ಲ!"

"ಕಾಣ್ತಿಲ್ಲ, ಅಷ್ಟೇ. ಕಂಡ್ರಾದ್ರೂ ಎಲ್ಲಿದ್ದಾನೆ ಅಂತ ಗೊತ್ತಾಗ್ತಿತ್ತು. ಇದು ಇನ್ನೂ ಕಷ್ಟ."

ಮಿಂಚು ಬಾಗಿಲಲ್ಲಿ ಬಿದ್ದು ಬಿದ್ದು ನಕ್ಕ. ಗಾಳಿಯಮ್ಮನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಮಾವನನ್ನು ಮತ್ತೆ ಕಟ್ಟೆಗೆ ಕರೆತಂದರು.

ಸಂಜೆ ಮನೆಯ ಬಾಲ್ಕನಿಯಲ್ಲಿ ಗಂಡನಿಗೆ ಈ ಕಥೆ ಹೇಳಿದರು. ಅವರು ಸಿಗರೇಟನ್ನು ಬೆನ್ನ ಹಿಂದೆ ಹಿಡಿದುಕೊಂಡು ಕೇಳುತ್ತಿದ್ದರು.

"ಇದರಲ್ಲಿ ಆಶ್ಚರ್ಯ ಏನಿದೆ? ಅಮ್ಮ ತಂಗಿ ಮನೆಗೆ ಹೋಗಿ ವಾರ ಆಯ್ತು. ನಾನು ಇದನ್ನ ಇನ್ನೂ ಹಿಂದೇನೇ ಹಿಡ್ಕೊಂಡಿದ್ದೀನಿ, ನೋಡು."

"ನಿಮ್ಮದು ಹೆದರಿಕೆ ರೀ. ಅವಳದು ಹಾಗಲ್ಲ."

"ಇರಬಹುದು. ಆದ್ರೆ ಅಭ್ಯಾಸ ತಪ್ಪಿಸೋಕೆ ಆಗಲ್ಲ. ಈ ವಯಸ್ಸಲ್ಲಿ ನನಗೇ ಆಗಲಿಲ್ಲ." ಒಂದು ದಮ್ಮೆಳೆದು, ಬೀದಿಯ ಕಡೆ ಹೊಗೆ ಬಿಟ್ಟು ಅವರೆಂದರು: "ಕಾಯೋದು ಬಿಡಲ್ಲ ಅಂದ್ರೆ ಬಿಡಬೇಡ ಅನ್ನು. ಬೇರೆ ಎಲ್ಲಾದ್ರೂ ಟೈಮ್ ಉಳಿಸಲಿ. ನೀನು ಅಡುಗೇಲಿ ಅದನ್ನೇ ಮಾಡ್ತೀಯಲ್ಲ?"

ಗಾಳಿಯಮ್ಮ ಅವರನ್ನು ಹೊಸಬರನ್ನು ನೋಡುವಂತೆ ನೋಡಿ ಒಳಗೆ ಹೋದರು.

ಬೇರೆಲ್ಲಿ? ಅದನ್ನು ಹುಡುಕಲು ಅವರು ಮರುದಿನ ಮಿಂಚುವಿನ ಹಿಂದೆ ನಿಂತು ನೋಡಿದರು. ಅವನು ಟ್ರಾಲಿಯನ್ನು ಒಂದೇ ಉಸಿರಿಗೆ ಓಡಿಸುತ್ತಿದ್ದ. ಗಕ್ಕನೆ ನಿಲ್ಲಿಸಿದಾಗ ಪೆಟ್ಟಿಗೆ ಲಾರಿಯ ಮೇಲೆ ಹುಚ್ಚು ಜೋಕಾಲಿಯಾಗುತ್ತಿತ್ತು. ಅದನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ಸುಮ್ಮನಾಗಿಸುವುದರಲ್ಲಿ ಅವನದು ಎತ್ತಿದ ಕೈ. ಆದರೂ ಹೊತ್ತು ಹೋಗುತ್ತಿದ್ದುದು ಅಲ್ಲಿಯೇ. ಅವನು ತೂಗಾಟಕ್ಕೆ ಕೊಡುತ್ತಿದ್ದ ಹೊತ್ತನ್ನು ನಿಧಾನಿ ಮನುಷ್ಯನಿಗೆ ಕೊಡುತ್ತಿದ್ದಳು, ಅದಾದ ಮೇಲೆ ತೂಗಾಟಕ್ಕೂ ಕೊಡುತ್ತಿದ್ದಳು. ಎರಡರಲ್ಲಿ ಒಂದನ್ನು ಉಳಿಸಿದರೆ?

ತರಗತಿ ಮುಗಿದ ಮೇಲೆ ಹುಡುಗಿಯನ್ನು ಹಳೆಯ ಕರಿಹಲಗೆಯ ಮುಂದೆ ನಿಲ್ಲಿಸಿಕೊಂಡರು. ಒಂದು ಗೆರೆ, ತುದಿಗೆ ಒಂದು ಚೌಕ.

"ಪೂರ್ತಿ ವೇಗ ಒಂದೇ ಸಲ ಕೊಡಬೇಡ. ಅರ್ಧ ಕೊಡು. ಪೆಟ್ಟಿಗೆ ಹಿಂದುಳಿಯುತ್ತೆ, ಆಮೇಲೆ ತಾನಾಗಿ ಮುಂದಕ್ಕೆ ತೂಗುತ್ತೆ. ತೂಗಿ ಟ್ರಾಲಿಯ ನೇರ ಕೆಳಗೆ ಬರೋ ಗಳಿಗೆಗೆ ಉಳಿದರ್ಧ ಕೊಡು. ಅದು ತೂಗೋದನ್ನೇ ಮರೆತುಬಿಡುತ್ತೆ. ನಿಲ್ಲಿಸುವಾಗಲೂ ಹಾಗೇ, ಎರಡು ಕಂತಲ್ಲಿ."

"ಆಗ ಲಾರಿ ಮೇಲೆ ಬಂದಾಗ ಅಲ್ಲಾಡಲ್ವಾ?"

"ಸರಿಯಾಗಿ ಮಾಡಿದ್ರೆ ಒಂದಿಷ್ಟೂ ಅಲ್ಲಾಡಲ್ಲ. ಇನ್ನೊಂದು ವಿಷಯ. ನೀನು ಹಡಗಿನ ಅಂಚಲ್ಲಿ ಯಾಕೆ ನಿಲ್ತೀಯ? ಅವನ ನಡಿಗೆ ನಿನಗೆ ಬಾಯಿಪಾಠ. ಅವನು ಹಿಂತಿರುಗೋ ಹೊತ್ತಿಗೆ ನೀನು ಅಲ್ಲಿಗೆ ತಲುಪೋ ಹಾಗೆ ಹೊರಡು. ನಿಂತು ಕಾಯಬೇಡ, ನಡೀತಾ ಕಾಯಿ."

ಆಮೇಲಿನ ದಿನಗಳಲ್ಲಿ ಆ ಕೋಣೆಯಲ್ಲಿ ನಡೆದದ್ದನ್ನು ಗಾಳಿಯಮ್ಮ ಮರೆಯುವಂತಿರಲಿಲ್ಲ. ಅದೇ ಹಡಗು, ಅದೇ ಪೆಟ್ಟಿಗೆ, ಅದೇ ಗಾಳಿ. ಕೆಟ್ಟರೆ ಮತ್ತೆ ಮೊದಲಿನಿಂದ, ಮತ್ತೆ ಕೆಟ್ಟರೆ ಮತ್ತೆ. ಲೋಕದ ಯಾವ ಬಂದರು ಒಬ್ಬ ಕಲಿಯುವವಳಿಗಾಗಿ ಒಂದೇ ಗಳಿಗೆಯನ್ನು ಇಷ್ಟು ಸಲ ಹಿಂದಕ್ಕೆ ತಿರುಗಿಸಿಕೊಟ್ಟೀತು? ಯಾವ ಸಮುದ್ರ ಅಷ್ಟು ತಾಳಿಕೊಂಡೀತು? ಮೊದಮೊದಲು ಹುಡುಗಿ ಎರಡನೆಯ ಕಂತು ತಡ ಮಾಡುತ್ತಿದ್ದಳು, ಪೆಟ್ಟಿಗೆ ಸಿಟ್ಟಿನಿಂದ ಒದ್ದಾಡುತ್ತಿತ್ತು. ಒಂದು ಮಧ್ಯಾಹ್ನ ಅವಳು ಕಣ್ಣು ಕೆಳಗಿಟ್ಟು, ತುಟಿಯಲ್ಲಿ ಏನೋ ಗುನುಗುತ್ತ ಹಿಡಿಕೆ ತಳ್ಳಿದಳು. ಪೆಟ್ಟಿಗೆ ತೂಗುವುದನ್ನೇ ಬಿಟ್ಟು ಹಗ್ಗದ ತುದಿಯಲ್ಲಿ ಒಂದು ನೇರ ಮಾತಿನಂತೆ ಸಾಗಿತು. ಮಾವ ಎದ್ದು, ನೋಡಿ, ಹೊರಟ. ಅವನು ಕ್ರೇನಿನ ಕಾಲಿನ ಮರೆಗೆ ಸರಿದದ್ದೂ ಪೆಟ್ಟಿಗೆ ಲಾರಿಯ ಮೇಲಕ್ಕೆ ಬಂದದ್ದೂ ಒಂದೇ ಆಯಿತು. ಗಾಜಿನ ಹಿಂದೆ ಗಾಳಿಯಮ್ಮ ತಮಗರಿವಿಲ್ಲದೆ ಎದ್ದು ನಿಂತಿದ್ದರು.

ಪರೀಕ್ಷೆಯ ದಿನ ವಿಭಾಗದ ಮುಖ್ಯಸ್ಥರು ಬಂದರು. ಕೋಣೆಯ ಎಸಿಗೆ ಹೆದರಿ ಬೇಸಗೆಯಲ್ಲೂ ಸ್ವೆಟರು ತೊಡುವವರು, ನಿಯಮವನ್ನು ಅದಕ್ಕಿಂತ ಬಿಗಿಯಾಗಿ ತೊಟ್ಟವರು. ಬಂದರಿನ ಹಿರಿಯ ಮೇಲ್ವಿಚಾರಕರು ಅವರ ಪಕ್ಕದಲ್ಲಿ ಕೂತರು. ದೊಡ್ಡ ಕೈಗಳ, ಕಡಿಮೆ ಮಾತಿನ ಮನುಷ್ಯ. ಒಬ್ಬೊಬ್ಬರಾಗಿ ಹುಡುಗರು ಹಡಗು ಬರಿದು ಮಾಡಿದರು. ನಡುವೆ ಗಾಳಿಯಮ್ಮ ನಿಯಮದಂತೆ ಗಾಳಿ ಬಿಟ್ಟರು. ಮಿಂಚು ಎಲ್ಲರಿಗಿಂತ ಬೇಗ ಮುಗಿಸಿ, ಕುರ್ಚಿಯಿಂದ ಹಾರಿ ಇಳಿದ. ಕೊನೆಗೆ, ತನ್ನ ಸರದಿಯ ತನಕ ಹೊರಗೆ ಕಾರಿಡಾರಿನಲ್ಲಿ ಕಾದಿದ್ದ ನಿಧಾನಿ.

ಅವಳು ಮೊದಲ ಪೆಟ್ಟಿಗೆ ಎತ್ತಿದಳು. ಅರ್ಧ ವೇಗ, ಉಳಿದರ್ಧ, ಚೆನ್ನಾಗಿಯೇ ಹೊರಟಿತ್ತು. ಹಡಗಿನ ಅಂಚು ದಾಟಿದವಳೇ ಇದ್ದಕ್ಕಿದ್ದಂತೆ ವೇಗ ಇಳಿಸಿ ನಿಂತಳು. ನಿಂತೇ ಇದ್ದಳು. ಆಮೇಲೆ ಕುರ್ಚಿಯ ಪಕ್ಕದ ಮೈಕು ಎತ್ತಿಕೊಂಡಳು.

"ಕೆಳಗಿನವರೇ, ಲಾರಿಯಿಂದ ಸ್ವಲ್ಪ ಆಚೆ ಸರೀರಿ."

ಹಿಂದಿನ ಬೆಂಚು ಕಿಸಕ್ಕೆಂದಿತು. ಮೈಕಿನಲ್ಲಿ ಕರೆದರೆ ಕಟ್ಟೆಯ ಪರವಾಗಿ ಉತ್ತರಿಸಬೇಕಾದವರು ಗಾಳಿಯಮ್ಮ.

"ಕಟ್ಟೆಯಿಂದ. ಏನು ತೊಂದರೆ?"

"ಹಳದಿ ಅಂಗಿಯವರು ಬಗ್ಗಿದ್ದಾರೆ. ಏಳ್ತಾನೇ ಇಲ್ಲ."

ಗಾಳಿಯಮ್ಮ ತೆರೆ ನೋಡಿದರು. ಮಾವ ಲಾರಿಯ ಪಕ್ಕ ಬಗ್ಗಿದವನು ಬಗ್ಗಿದಂತೆಯೇ ಇದ್ದ. ಗಡಿಯಾರ ಓಡುತ್ತಿತ್ತು. ಮುಖ್ಯಸ್ಥರ ಕಣ್ಣು ತಮ್ಮ ಮೇಲಿತ್ತು. ಹೇಳಬಹುದಾದದ್ದು ಒಂದೇ ವಾಕ್ಯ, ಅದನ್ನು ಹೇಳಿದರು.

"ನಿಯಮದ ಪ್ರಕಾರ ಅಡ್ಡಿ ಇಲ್ಲ. ಇಳಿಸಬಹುದು."

"ನಿಯಮಕ್ಕೆ ಇಲ್ಲದೆ ಇರಬಹುದು ಮೇಡಂ, ನನಗೆ ಕಾಣ್ತಿದೆ." ಹುಡುಗಿಯ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಹಿಡಿಕೆ. ಪೆಟ್ಟಿಗೆ ಅಲುಗದೆ ನೇತಾಡುತ್ತಿತ್ತು. "ಇಷ್ಟು ಹೊತ್ತು ಅವರು ಬಗ್ಗಿದ್ದೇ ಇಲ್ಲ. ಏನೋ ಆಗಿದೆ ಅವರಿಗೆ. ಯಾರಾದ್ರೂ ಹೋಗಿ ನೋಡ್ರಿ."

ಯಾರೂ ನಗಲಿಲ್ಲ. ತೆರೆಯ ಮೇಲಿನ ಒಂದು ಹಳದಿ ಚುಕ್ಕೆಯ ಬಗ್ಗೆ ಆ ಮಾತು ಬಂದದ್ದೆಂದು ಆ ಗಳಿಗೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಅವಳು ಕಾದಳು. ವೇಳೆ ಮುಗಿದ ಗಂಟೆ ಬಾರಿಸಿತು. ಹಡಗಿನ ಮೇಲಿನ ಪೆಟ್ಟಿಗೆಗಳು ಹಾಗೆಯೇ ಉಳಿದಿದ್ದವು.

"ಆಗಲಿಲ್ಲ" ಎಂದು ಮುಖ್ಯಸ್ಥರು ಪೆನ್ನು ತೆಗೆದರು.

"ಒಂದು ನಿಮಿಷ" ಎಂದರು ಮೇಲ್ವಿಚಾರಕರು. "ಆ ಮನುಷ್ಯ ಯಾವಾಗಿಂದ ಹಾಗೆ ಬಗ್ಗಿದ್ದಾನೆ?"

ಗಾಳಿಯಮ್ಮನಿಗೆ ಗೊತ್ತಿರಲಿಲ್ಲ. ಯಂತ್ರ ಎಲ್ಲರ ಪರೀಕ್ಷೆಯನ್ನೂ ನೆನಪಿಟ್ಟುಕೊಂಡಿರುತ್ತದೆ. ಅದನ್ನು ಹಿಂದಕ್ಕೆ ಓಡಿಸಿದರು. ಮಿಂಚುವಿನ ಸರದಿ ಬಂತು: ಮಾವ ಬಗ್ಗಿಯೇ ಇದ್ದ, ಪೆಟ್ಟಿಗೆಗಳು ಒಂದರ ಹಿಂದೊಂದು ಅವನ ಬೆನ್ನೊಳಗೆ ಇಳಿಯುತ್ತಿದ್ದವು. ಅವನ ಹಿಂದಿನವಳದ್ದೂ ಅದೇ. ಅದಕ್ಕೂ ಹಿಂದಿನವನದ್ದೂ ಅದೇ. ಬೆಳಗ್ಗೆ ಮೊದಲನೆಯವನು ಕೂತಾಗಲೇ ಯಂತ್ರದಲ್ಲಿ ಎಲ್ಲೋ ಏನೋ ಸಿಕ್ಕಿಕೊಂಡು ಮಾವ ನಿಂತುಹೋಗಿದ್ದ. ಇಡೀ ತರಗತಿ ಅವನ ಮೂಲಕ ಹಾದುಹೋಗಿತ್ತು. ಗಾಜಿನ ಹಿಂದೆ ಕೂತವರೂ ಕಂಡಿರಲಿಲ್ಲ.

ಮಿಂಚು ತೆರೆಯ ಹತ್ತಿರಕ್ಕೇ ಬಂದು ನಿಂತಿದ್ದ. "ನಾನು ನೋಡಲೇ ಇಲ್ಲವಲ್ಲ" ಎಂದ. ಯಾರಿಗೂ ಹೇಳಿದ್ದಲ್ಲ.

ಮುಖ್ಯಸ್ಥರು ಕೆಮ್ಮಿದರು. "ಯಂತ್ರ ಕೆಟ್ಟಿದ್ದರಿಂದ ಯಾರ ಕೆಲಸಕ್ಕೆ ಅಡ್ಡಿಯಾಗಿದೆಯೋ ಅವರಿಗೆ ಮರುಪರೀಕ್ಷೆ. ಇದು ನಿಯಮ. ಅಡ್ಡಿಯಾಗಿರುವುದು ಇವರೊಬ್ಬರಿಗೇ ಅನ್ನೋದು..." ಅವರು ಪೆನ್ನನ್ನು ಮುಚ್ಚಿಟ್ಟರು.

ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರು. ಮಾವ ಎದ್ದು ಏನೂ ಆಗದವನಂತೆ ನಡೆಯತೊಡಗಿದ. ಹುಡುಗಿ ಬೆವರಿದ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡು ಕೂತಳು.

ಮೊದಲ ಪೆಟ್ಟಿಗೆಗಳು ಇಳಿದವು. ಈಗ ಗಾಳಿ ಬಿಡುವ ಹೊತ್ತು. ಗಾಳಿಯಮ್ಮನ ಬೆರಳು ಗುಂಡಿಯ ಮೇಲಿತ್ತು. ಒಂದು ಕೂದಲೆಳೆಯಷ್ಟು ಕಡಿಮೆ ತಿರುಗಿಸಿದರೆ ಯಾರಿಗೂ ತಿಳಿಯುವಂತಿರಲಿಲ್ಲ. ಬೆಳಗಿನಿಂದ ಅವಳು ಪಟ್ಟದ್ದಕ್ಕೆ ಅಷ್ಟು ಕರುಣೆ ಹೆಚ್ಚೇನಲ್ಲ ಎಂದು ಮನಸ್ಸು ಹೇಳಿತು. ಆದರೆ ಬಂದರಿನ ಗಾಳಿ ಇವಳಿಗೆಂದು ಮೆತ್ತಗೆ ಬೀಸುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಣ್ಣದ ಮನುಷ್ಯನನ್ನೂ ಬಣ್ಣವೆಂದು ತಳ್ಳಿಹಾಕದವಳಿಗೆ ಸುಳ್ಳು ಗಾಳಿಯನ್ನು ಕೊಡುವುದು ಅವಮಾನ. ಗುಂಡಿಯನ್ನು ನಿಯಮದ ಗುರುತಿನವರೆಗೂ ತಿರುಗಿಸಿದರು.

ಪೆಟ್ಟಿಗೆ ಓರೆಯಾಯಿತು. ಹುಡುಗಿ ಅದನ್ನು ಎಳೆಯಲಿಲ್ಲ, ಗದರಲಿಲ್ಲ. ಅದು ಹೋಗುವಷ್ಟು ಹೋಗಲು ಬಿಟ್ಟು, ತಿರುಗುವ ಗಳಿಗೆಗೆ ಟ್ರಾಲಿಯನ್ನು ಅದರ ಮೇಲಕ್ಕೆ ತಂದಳು. ಅಳುವ ಮಗುವಿನ ಬೆನ್ನಿಗೆ ಕೈಯಿಟ್ಟಂತೆ ಪೆಟ್ಟಿಗೆ ಸುಮ್ಮನಾಯಿತು. ಕೆಳಗೆ ಮಾವ ಬಂದ, ಬಗ್ಗಿದ, ಎದ್ದ, ಹೊರಟ. ಅವನು ತೆರವು ಮಾಡಿದ ಜಾಗಕ್ಕೆ ಪೆಟ್ಟಿಗೆ ಬಂದಿಳಿಯಿತು. ಮತ್ತೊಂದು, ಮಗದೊಂದು. ಅವಳ ಕೆಲಸದಲ್ಲಿ ಆತುರವೆಂಬುದೇ ಇರಲಿಲ್ಲ, ಆದರೂ ಎಲ್ಲಿಯೂ ಹೊತ್ತು ಸೋರುತ್ತಿರಲಿಲ್ಲ. ಕೊನೆಯ ಪೆಟ್ಟಿಗೆ ಕೂತಾಗ ಗಂಟೆ ಇನ್ನೂ ಬಾರಿಸಿರಲಿಲ್ಲ.

"ಇವರು ಬಂದರಿಗೆ ಬರಲಿ" ಎಂದರು ಮೇಲ್ವಿಚಾರಕರು. ಅಷ್ಟೇ. ಆದರೆ ಎದ್ದು ಹೋಗದೆ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿದರು.

ನಿಧಾನಿ ಇಳಿದು ಬಂದು ಗಾಳಿಯಮ್ಮನ ಮುಂದೆ ನಿಂತಳು. "ಮೇಡಂ, ಗಾಳಿ ಜಾಸ್ತಿ ಬಿಟ್ರಲ್ವಾ?"

"ಎಲ್ಲರಿಗೂ ಬಿಟ್ಟಷ್ಟೇ ಬಿಟ್ಟೆ ಕಣೇ ಮಗಳೇ."

"ಹೌದಾ? ನನಗೆ ಚೂರು ಜಾಸ್ತಿ ಅನ್ನಿಸ್ತು" ಎಂದು ನಕ್ಕಳು. ಗಾಳಿಯಮ್ಮನೂ ನಕ್ಕರು.

ಅಷ್ಟರಲ್ಲಿ ಮಿಂಚು ಕುರ್ಚಿ ಹಿಡಿದು ನಿಂತಿದ್ದ. "ಮೇಡಂ, ಮಾವನ್ನ ಗಟ್ಟಿ ಮಾಡಿ. ಇನ್ನೊಂದ್ಸಲ ಕೂರ್ತೀನಿ."

"ನೀನು ಪಾಸಾಗಿದೀಯಲ್ಲೋ."

"ಆಗಿದೀನಿ. ಆದ್ರೂ."

ಅವರು ಗಟ್ಟಿ ಮಾಡಿದರು. ಮಿಂಚು ಎಂದಿನಂತೆ ಹಾರಿಸಿಕೊಂಡು ಬಂದು ಎಂದಿನಂತೆ ಇಳಿಸಿದ. ಮೂರೂ ಗೋಡೆ, ಕಾಲಡಿಯ ನೆಲ, ಎಲ್ಲ ಕೆಂಪಾಯಿತು. ಅವನ ಕೈ ಹಿಡಿಕೆಯ ಮೇಲೆ ಹಾಗೆಯೇ ಇತ್ತು. ಗಾಳಿಯಮ್ಮ ಗುಂಡಿ ಒತ್ತಿದರು. ಸತ್ತವನು ಎದ್ದು, ಯಾರ ಮೇಲೂ ದೂರಿಲ್ಲದೆ, ಮತ್ತೆ ಕ್ರೇನಿನ ಕಾಲಿನ ಮರೆಯಿಂದ ನಡೆದುಬಂದ.

"ಎಲ್ಲಿಂದ ನಿಧಾನ ಮಾಡ್ತೀಯಕ್ಕಾ, ಹೇಳಿಕೊಡೆ" ಎಂದ ಮಿಂಚು. ದನಿಯಲ್ಲಿ ತಮಾಷೆ ಇರಲಿಲ್ಲ.

ಅವಳು ಹೋಗಿ ಅವನ ಹೆಗಲ ಹಿಂದೆ ನಿಂತಳು. "ಹೊರಡುವಾಗಲೇ. ಅರ್ಧ ಕೊಡು. ಹಾಂ, ಅಷ್ಟೇ. ಈಗ ಏನೂ ಮಾಡಬೇಡ."

"ಏನೂ ಮಾಡದೆ ಹೇಗೆ ಇರೋದೇ?"

"ಅದೇ ಕಷ್ಟ. ಇರು."

ಒಬ್ಬೊಬ್ಬರಾಗಿ ಉಳಿದವರೂ ಬ್ಯಾಗುಗಳನ್ನು ಕೆಳಗಿಟ್ಟು ಕುರ್ಚಿಯ ಸುತ್ತ ಸೇರಿದರು. ಊಟದ ಹೊತ್ತು ಮೀರಿತ್ತು, ಕಾರಿಡಾರಿನಲ್ಲಿ ಬೇರೆ ತರಗತಿಯ ಗದ್ದಲ ಹಾದುಹೋಯಿತು. ಗಾಜಿನ ಹಿಂದಿನಿಂದ ಗಾಳಿಯಮ್ಮನಿಗೆ ಅವರ ಬೆನ್ನುಗಳಷ್ಟೇ ಕಾಣುತ್ತಿದ್ದವು. ಆ ಬೆನ್ನುಗಳೆಲ್ಲ ಮುಂದಕ್ಕೆ ಬಾಗಿ, ಕೆಳಗಿನ ಕಟ್ಟೆಯ ಮೇಲೆ ಒಬ್ಬ ಮನುಷ್ಯ ತನ್ನ ಕೆಲಸ ಮುಗಿಸಲೆಂದು ಕಾಯುತ್ತಿದ್ದವು.